ಅಪ್ಪನ ಚೀಲದ ಕಸ

ಅಕ್ಕಾ,

ಕೂತ್ಕೊಂಡು ಓದು. ನಾನಿನ್ನೂ ಸುಧಾರಿಸಿಕೊಂಡಿಲ್ಲ.

ಜಪಾನಿಗೆ ಹೊರಡೋ ಮುಂಚೆ ಅಲ್ಲಿನ ರೀತಿನೀತಿ ಕಲಿಸ್ತೀವಿ ಅಂತ ಪ್ರವಾಸದ ಕಂಪನಿಯವರು ನಮ್ಮನ್ನ ಈ ಊರಿಗೆ ಕರೆಸಿದ್ರಲ್ಲ, ಇವತ್ತು ಕಸದ ಪಾಠ. ಅಲ್ಲಿ ಬೀದೀಲಿ ಕಸದ ಡಬ್ಬಿ ಸಿಗೋದೇ ಅಪರೂಪವಂತೆ. ಅವರವರ ಕಸ ಅವರವರೇ ಮನೆಗೆ ಒಯ್ಯಬೇಕಂತೆ. ಬೆಳಿಗ್ಗೆ ಗೈಡಮ್ಮ ಎಲ್ಲರ ಕೈಗೂ ಒಂದೊಂದು ಚೀಲ ಕೊಟ್ಟು ಊರು ಸುತ್ತಿಸಿದ್ರು. ಅಪ್ಪ ಒಂದು ಚೂರೂ ಬಿಸಾಡಲಿಲ್ಲ, ಅಷ್ಟು ಶಿಸ್ತು! ಸಂಜೆ ಚೀಲಗಳನ್ನ ಮೇಜಿನ ಮೇಲೆ ಸುರಿಸಿ, ಕಾಗದ ಬೇರೆ ಪ್ಲಾಸ್ಟಿಕ್ ಬೇರೆ ಮಾಡಿ ಅಂದ್ರು. ಅಪ್ಪನ ಚೀಲದಿಂದ ಬಿದ್ದಿದ್ದು ಬರೀ ಚಾಕೊಲೇಟ್ ಕಾಗದ. ರಾಶಿ ರಾಶಿ! ಸಕ್ಕರೆ ಕಾಯಿಲೆ ಅಂತ ಸಪ್ಪೆ ಕಾಫಿ ಕುಡಿಯೋ ನಮ್ಮಪ್ಪ! ಗೈಡಮ್ಮ ಮಾತ್ರ, "ಎಷ್ಟು ನೀಟಾಗಿ ಮಡಚಿದ್ದಾರೆ ನೋಡಿ" ಅಂತ ಎಲ್ಲರ ಕೈಲೂ ಚಪ್ಪಾಳೆ ತಟ್ಟಿಸಿದ್ರು.

ನಾಡಿದ್ದು ರಕ್ತ ಪರೀಕ್ಷೆ. ಸಕ್ಕರೆ ಇಳೀದಿದ್ರೆ ಅಪ್ಪನ್ನ ಪ್ರವಾಸಕ್ಕೆ ಸೇರಿಸ್ಕೊಳ್ಳಲ್ವಂತೆ. ನನ್ನ ಮಂಡಿನೋವು ಪರವಾಗಿಲ್ಲ.

"ಯಾರು ತಂದ್ಕೊಟ್ಟಿದ್ದು?" ಅಂತ ಗದರಿದೆ. ಅಪ್ಪ ತಲೆ ತಗ್ಗಿಸಿ, "ದೊಡ್ಡೋಳು ಪೆಟ್ಟಿಗೆ ತಳದಲ್ಲಿ ಇಟ್ಟಿದ್ಲು. ಪಾಪ, ಅವಳಿಗೇನೂ ಅನ್ನಬೇಡ" ಅಂದ್ರು.

ಅಕ್ಕಾ, ನೀನಾ? ನರ್ಸಮ್ಮ ಅಂತ ಕರೆಸ್ಕೊಂಡು ಬೀದಿಗೆಲ್ಲ ಪಥ್ಯ ಹೇಳೋ ನೀನಾ? ಬೇಲೀನೇ ಎದ್ದು ಹೊಲ ಮೇಯ್ದಂಗಾಯ್ತು. ನಿಮ್ಮ ಬೀದಿ ಅಂಚೆಯಣ್ಣನಿಗೆ ಕಾಫಿಗೆ ಹಾಕೋ ಸಕ್ಕರೆ ಬಿಡಿಸಿದವಳೂ ನೀನೇ ತಾನೆ? ಅವನೂ ಓದಲಿ ಅಂತಲೇ ಲಕೋಟೆ ಬಿಟ್ಟು ಅಂಚೆ ಕಾರ್ಡ್ ತಗೊಂಡೆ.

ನಿನ್ನ ತಂಗಿ