ದುಬೈಯಿಂದ ನಿನ್ನ ಹೆಣದವರೆಗೆ

ಅಪ್ಪಾ,

ಲೋಕಪ್ಪ ನಿನ್ನನ್ನು ಕಡಿದ ಸುದ್ದಿ ಬಂದಾಗ ನಾನು ದುಬೈಯಲ್ಲಿ ಲಾರಿಗೆ ಮರಳು ತುಂಬಿಸುತ್ತಿದ್ದೆ. ಕಾಫಿ ಹೂವಿಗೆ ನೀರು ಹೊಡೆಯುವ ಕಾಲ, ಹಳ್ಳದಲ್ಲಿ ಉಳಿದಿದ್ದು ಒಂದೇ ಗುಂಡಿ, ಅದಕ್ಕೆ ನಮ್ಮದೂ ಲೋಕಪ್ಪನದೂ ಎರಡು ತೋಟದ ಪಂಪು. ನೀನು ಅವನ ಪೈಪು ಕತ್ತರಿಸಿದೆ, ಅವನು ನಿನ್ನ ಕುತ್ತಿಗೆ ಕತ್ತರಿಸಿದ. ಬೂತಿಗೆ ಓಡಿ ಫೋನು ಮಾಡಿದರೆ, ಅವ್ವ ಇಷ್ಟು ಹೇಳಿ ಮುಗಿಸುವ ಮೊದಲೇ ನಾನು ಬೂತಿನ ಗಾಜು ಒಡೆದಿದ್ದೆ.

ವಿಮಾನ ಹತ್ತಿದರೆ ಪಕ್ಕದ ಸೀಟಿನಲ್ಲಿ ಯಾರಿದ್ದ ಗೊತ್ತಾ? ಲೋಕಪ್ಪನ ಮಗ ರಮೇಶ. ನೀನೂ ಲೋಕಪ್ಪನೂ ಚೆನ್ನಾಗಿದ್ದ ಕಾಲದಲ್ಲಿ ನೀನೇ ಅವನನ್ನು ನನ್ನ ಜೊತೆ ಕಳಿಸಿದ್ದೆಯಲ್ಲ, ಅವನೇ. ಅವನಿಗೂ ಅದೇ ದಿನ ಫೋನು, ಅದೇ ಟಿಕೆಟ್ಟು. ಮುಂದಿನ ಪರದೆಯ ಮೇಲೆ ಮುಂಬೈಗೆ ಇನ್ನೆಷ್ಟು ದೂರ ಅಂತ ಬರುತ್ತಿತ್ತು. ಸಾವಿರದೈನೂರು ಕಿಲೋಮೀಟರ್ ಉಳಿದಾಗ ಮನಸ್ಸಿನಲ್ಲೇ ಲೋಕಪ್ಪನ ಕೈ ಕಡಿದೆ. ಸಾವಿರಕ್ಕೆ ಕಾಲು. ಐನೂರಕ್ಕೆ...

ಮುಂಬೈಯಲ್ಲಿ ಇಳಿದು ಮಂಗಳೂರಿನ ವಿಮಾನಕ್ಕೆ ಬೆಳಗಿನವರೆಗೆ ಕಾಯಬೇಕಿತ್ತು. ಟಾಯ್ಲೆಟ್ಟಿನಲ್ಲಿ ರಮೇಶನ ಕೂದಲು ಹಿಡಿದು ಮುಖವನ್ನು ಬೇಸಿನ್ನಿಗೆ ಬಡಿದೆ. ಹಲ್ಲು ಮುರಿಯಿತು. ಅವನು ಕೈ ಎತ್ತಲಿಲ್ಲ. "ಹೊಡಿ ಮಾರಾಯ, ಸಾಯ್ಸ್‌ಬುಡು. ನಿಮ್ಮಪ್ಪ ನನ್ಗೂ ಅನ್ನ ಇಕ್ಕವ್ರೆ ಕಣೋ" ಎಂದು ಅಳುತ್ತಿದ್ದ. ನನ್ನ ಕೈ ನಿಂತಿತು ಅಂದುಕೊಂಡೆಯಾ? ಇಲ್ಲ. ಯಾರೋ ಬಂದು ಎಳೆದು ಬಿಡಿಸಿದರು.

ಊರಿನಲ್ಲಿ ಸೋಮಣ್ಣ ಮಾವ ಲೋಕಪ್ಪನ ಮನೆ ಸುತ್ತ ಜನ ಕೂಡಿಸಿದ್ದನಂತೆ. ಎಲ್ಲರ ಕೈಯಲ್ಲೂ ಮಚ್ಚು. "ಇಮಾನ ಅಂದ್ರೆ ನಾಕ್ ಗಂಟೆ ಕಣ್ರೋ, ಸಂಜೆಗೆಲ್ಲ ಹುಡ್ಗ ಬಂದ್ಬುಡ್ತಾನೆ. ಮೊದ್ಲೇಟು ಅವನ್ದೇ ಆಗ್ಬೇಕು" ಅಂತ ಅವರನ್ನು ತಡೆದು ಕೂರಿಸಿದ್ದ. ಮುಂಬೈ, ಮಂಗಳೂರು, ಶಿರಾಡಿ ಘಾಟಿ ಯಾವುದೂ ಅವನ ಲೆಕ್ಕದಲ್ಲಿರಲಿಲ್ಲ. ನಾನು ಮುಟ್ಟಿದ್ದು ಮಾರನೆಯ ಮಧ್ಯಾಹ್ನ. ಅಷ್ಟರಲ್ಲಿ ಪೊಲೀಸರು ಲೋಕಪ್ಪನನ್ನು ಕರೆದೊಯ್ದಿದ್ದರು. "ಎಲ್ ಸತ್ತಿದ್ಯೋ ಇಷ್ಟೊತ್ತು?" ಎಂದು ಮಾವ ಮಚ್ಚನ್ನು ನನ್ನ ಕಾಲ ಬಳಿ ಎಸೆದ. ನಿನಗೆ ಕೊಳ್ಳಿ ಇಟ್ಟು ಬಂದು, ಆ ವಿಮಾನವನ್ನು ವರ್ಷಗಟ್ಟಲೆ ಬೈದೆ.

ಈಗ ಸುದ್ದಿ ಕೇಳು. ನಿನ್ನೆ ಲೋಕಪ್ಪ ಜೈಲಿನಲ್ಲಿ ಸತ್ತ. ಕೇಳಿ ನಕ್ಕೆ, ನಿಜ ಹೇಳುತ್ತೇನೆ, ಹೊಟ್ಟೆ ತುಂಬಾ ನಕ್ಕೆ. ಹೆಣ ಅವರ ಜಗಲಿಯ ಮೇಲಿದೆ, ದುಬೈಗೆ ವಾಪಸು ಹೋಗಿದ್ದ ರಮೇಶನಿಗೆ ಇವತ್ತು ಬೆಳಿಗ್ಗೆಯಷ್ಟೇ ಫೋನು ಹೋಗಿದೆ. ಸುಡುಗಾಡಿಗೆ ಹೋಗುವ ದಾರಿ ನಮ್ಮ ತೋಟದೊಳಗೆ. ಮಾವ ಗೇಟಿಗೆ ಬೀಗ ಜಡಿದು "ಅಲ್ಲೇ ಕೊಳೀಲಿ ಬುಡು" ಎಂದು ಮಚ್ಚು ಹಿಡಿದು ಕೂತಿದ್ದಾನೆ. ಆ ಮನೆಯ ನೆಂಟರಿಗೂ ತಾಳ್ಮೆಯಿಲ್ಲ, ಫೋನು ಮಾಡಿ ನಾಲ್ಕು ಗಂಟೆ ಆಯಿತು, ಮಗ ಬರಲಿಲ್ಲ, ಹಿತ್ತಲಲ್ಲೇ ಸುಟ್ಟುಬಿಡೋಣ ಅನ್ನುತ್ತಿದ್ದರು.

ರಮೇಶನ ಅವ್ವ ಬೇಲಿಯಾಚೆ ನಿಂತು ಕೇಳಿದಳು: "ನೀನ್ ಬಂದವ್ನಲ್ವಾ ಮಗ, ಅಲ್ಲಿಂದ ಎಷ್ಟೊತ್ತಾಗ್ತೈತೆ?"

ಬಾಯಿಗೆ ಬೈಗುಳ ಬಂದಿತ್ತು ಅಪ್ಪಾ. ಆದರೆ ಹೇಳಿದ್ದು ಬೇರೆ. ಮುಂಬೈಗೆ ಮೂರು ಗಂಟೆ ಅಕ್ಕ, ಅಪ್ಪನ ಹತ್ತಿರ ಬರೋಕೆ ಒಂದು ಹಗಲು ಒಂದು ರಾತ್ರಿ ಬೇಕು, ನಾಳೆ ಮಧ್ಯಾಹ್ನದವರೆಗೆ ಯಾರೂ ಹೆಣ ಎತ್ತಕೂಡದು ಅಂದೆ.

ಲೋಕಪ್ಪನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ನಾಳೆ ಆ ಬೀಗ ಒಡೆಯುವವನು ನಾನೇ. ಮಾವ ಅಡ್ಡ ಬಂದರೆ, ಅಪ್ಪಾ, ಮಾವನನ್ನೂ ಬಿಡುವುದಿಲ್ಲ.