ಕಿರ್ಮಟೆಯ ಏಕೈಕ ನಿವಾಸಿ

ಮಾನ್ಯ ಗಣತಿ ಅಧಿಕಾರಿಗಳೇ,

ನಮ್ಮ ಊರು ಕಿರ್ಮಟೆಯ ಜನಸಂಖ್ಯೆ ಒಂದು. ತಾಲ್ಲೂಕು ಕಚೇರಿಯ ಫಲಕದಲ್ಲಿ ಕಳೆದ ಸೋಮವಾರ ಹಾಗೆಂದು ಅಂಟಿಸಿದ್ದಾರೆ, ಕೆಳಗೆ ತಮ್ಮ ಸಹಿ ಇದೆ. ವಿಸ್ತೀರ್ಣ ನೂರಾ ಹನ್ನೆರಡು ಹೆಕ್ಟೇರು. ಮೂರು ಕಡೆ ಉಪ್ಪುನೀರಿನ ಖಾಡಿ. ಮನೆಗಳು ನಲವತ್ತಾರು, ಬೀಗ ಹಾಕಿದವು ನಲವತ್ತಾರು. ನಿವಾಸಿ: ಸಗುಣಾಬಾಯಿ ತುಳಸ್ಕರ್, ಹೆಂಗಸು, ವಯಸ್ಸು ಐವತ್ತನಾಲ್ಕು. ಒಬ್ಬರೇ ಇರುವ ಊರಿಗೆ ಶಾಲೆ ಬೇಡವೆಂದು ಜೂನ್ ಹದಿನೈದರಿಂದ ಅದನ್ನು ಮುಚ್ಚುವ ಆದೇಶವೂ ಪಕ್ಕದಲ್ಲೇ ಇದೆ. ಆ ಶಾಲೆಯಲ್ಲಿ ಹದಿನಾಲ್ಕು ಮಕ್ಕಳಿದ್ದಾರೆ. ಊರಲ್ಲಿ ನಾವು ಇನ್ನೂರ ಹದಿಮೂರು ಮಂದಿ ಇದ್ದೇವೆ.

ತಪ್ಪು ಹೇಗಾಯಿತೆಂದು ಹೇಳುತ್ತೇನೆ. ನಾಲ್ಕು ವರ್ಷಕ್ಕೊಮ್ಮೆ, ಗ್ರಾಮದೇವರು ಹೂವಿನ ಪ್ರಸಾದ ಕೊಟ್ಟು ಅಪ್ಪಣೆ ಮಾಡಿದ ದಿನ, ನಾವು ದನ, ಕೋಳಿ, ನಾಯಿ ಸಮೇತ ಊರು ಬಿಟ್ಟು ಗಡಿಯಾಚೆ ಗುಡಿಸಲು ಹಾಕಿಕೊಳ್ಳುತ್ತೇವೆ. ಇದು ಗಾವ್‌ಪಳಣ. ಮೂರು ದಿನ ಊರು ನಮ್ಮದಲ್ಲ, ಮೊದಲು ಇದ್ದು ಹೋದವರದ್ದು. ಯಾರೂ ತಿರುಗಿ ನೋಡುವುದಿಲ್ಲ. ತಮ್ಮ ಗಣತಿದಾರರು ಬಂದದ್ದು ಎರಡನೆಯ ದಿನ. ಬೀಗ ಕಂಡರೆ ಇನ್ನೊಮ್ಮೆ ಬರಬೇಕೆಂಬ ನಿಯಮ ತಮ್ಮಲ್ಲಿಲ್ಲವೇ? ಗಡಿಯ ಗುಡಿಸಲುಗಳ ಹೊಗೆ ಯಾರಿಗೂ ಕಾಣಲಿಲ್ಲವೇ?

ಗಣತಿದಾರರು ಬೇರೆ ಊರಿನ ಮೇಷ್ಟ್ರು, ಸಜ್ಜನರು. ಅವರ ಮನೆಗೇ ಹೋಗಿ ಕೇಳಿದೆ.

"ಮಾಸ್ತರ್, ಆವತ್ತು ಊರಲ್ಲಿ ಒಂದು ಕೋಳಿನೂ ಇರ್ಲಿಲ್ಲ. ನೀವು ಯಾರ್ನ ಬರ್ಕೊಂಡ್ರಿ?"

"ಯಾಕೆ, ಬಾವಿಕಟ್ಟೆ ಮೇಲೆ ಒಬ್ರು ಹೆಂಗ್ಸು ಕೂತಿದ್ರಲ್ಲ. ಹೆಸ್ರು, ವಯಸ್ಸು ಎಲ್ಲಾ ಅವ್ರೇ ಹೇಳಿದ್ದು."

"ಉಳಿದೋರು ಎಲ್ಲಿ ಅಂತ ಕೇಳ್ಲಿಲ್ವಾ?"

"ಕೇಳ್ದೆ ಕಾಕಾ. 'ನೀರು ಇಳೀಲಿ, ಮಕ್ಕಳನ್ನ ಕರ್ಕೊಂಡು ಬರ್ತೀನಿ' ಅಂದ್ರು."

ನಾನು ಅವರು ಕೊಟ್ಟ ಚಹಾ ಕುಡಿಯದೆ ಎದ್ದು ಬಂದೆ.

ಸಗುಣಾ ನನ್ನ ಕಾಕಿ, ಚಿಕ್ಕಪ್ಪನ ಹೆಂಡತಿ. ನಮ್ಮೂರಲ್ಲಿ ಶಾಲೆ ಇಲ್ಲದ ಕಾಲದಲ್ಲಿ ಮಕ್ಕಳನ್ನು ದೋಣಿಯಲ್ಲಿ ಆಚೆ ದಡದ ಶಾಲೆಗೆ ಬಿಟ್ಟು, ಸಂಜೆ ಕರೆತರುತ್ತಿದ್ದವಳು. ಮೂವತ್ತೆಂಟು ವರ್ಷದ ಹಿಂದಿನ ಶ್ರಾವಣದಲ್ಲಿ ದೋಣಿ ಮಗುಚಿತು. ನಾನು ಈಚೆ ದಡದಲ್ಲಿ ನಿಂತಿದ್ದೆ. ಇಬ್ಬರು ಮಕ್ಕಳು ಹೋದರು, ಅವರಲ್ಲಿ ಒಬ್ಬಳು ನನ್ನ ತಂಗಿ ಶೇವಂತಿ, ಒಂಬತ್ತು ವರ್ಷದವಳು. ಮಕ್ಕಳ ದೇಹ ಸಿಕ್ಕಿತು, ಕಾಕಿಯದು ಸಿಗಲಿಲ್ಲ. ಆಗ ಅವಳ ವಯಸ್ಸು ಐವತ್ತನಾಲ್ಕು. ದೇಹ ಸಿಗದಿದ್ದರಿಂದ ಸರ್ಕಾರ ಮರಣಪತ್ರ ಕೊಡಲಿಲ್ಲ. ಶಾಲೆ ಕೊಟ್ಟಿತು.

ಈಗ ಅದೇ ಶಾಲೆಯನ್ನು ಅವಳ ಹೆಸರು ಹೇಳಿ ಮುಚ್ಚುತ್ತಿದ್ದೀರಿ. ತಮ್ಮ ನಕಾಶೆಯ ಪ್ರಕಾರ ಸಮೀಪದ ಶಾಲೆ ಏಳುನೂರು ಮೀಟರ್ ದೂರದಲ್ಲಿದೆ. ನಿಜ. ಆ ಏಳುನೂರು ಮೀಟರೂ ನೀರು. ರಸ್ತೆಯಲ್ಲಿ ಹೋದರೆ ಹತ್ತೊಂಬತ್ತು ಕಿಲೋಮೀಟರ್, ಬಸ್ಸಿಲ್ಲ. ಜೂನ್ ಹದಿನೈದಕ್ಕೆ ಖಾಡಿ ಹೇಗಿರುತ್ತದೆಂದು ತಮ್ಮ ಕೋಷ್ಟಕದಲ್ಲಿ ಯಾವ ಅಂಕಣದಲ್ಲಿ ಬರೆಯುತ್ತಾರೆ?

ಆಕ್ಷೇಪಣೆ ಕೊಡಲು ಹೋದೆ. ಗುಮಾಸ್ತರು ಕನ್ನಡಕ ಏರಿಸಿ ಕೇಳಿದರು, "ನಿವಾಸಿಗಳು ಮಾತ್ರ ಕೊಡಬಹುದು. ನೀವು ಆ ಊರಿನ ನಿವಾಸಿನಾ?"

"ಅರವತ್ತೊಂದು ವರ್ಷದಿಂದ."

"ದಾಖಲೆ ಹಂಗನ್ನಲ್ವಲ್ಲ ಕಾಕಾ. ಅಲ್ಲಿರೋದು ಒಬ್ರೇ. ಅವ್ರನ್ನೇ ಕರ್ಕೊಂಡು ಬನ್ನಿ, ಸಹಿ ಹಾಕ್ಲಿ."

"ಅವಳಿಗೆ ಸಹಿ ಬರಲ್ಲಪ್ಪ."

"ಹೆಬ್ಬೆಟ್ಟು ಒತ್ತಿದ್ರೂ ನಡೀತದೆ."

ಅಧಿಕಾರಿಗಳೇ, ಮೇಷ್ಟ್ರು ಕಂಡದ್ದು ಯಾರನ್ನೆಂದು ನಾನು ವಾದಿಸುವುದಿಲ್ಲ. ಹಳೆಯ ಯಾದಿಯಿಂದ ಹೆಸರು ಎತ್ತಿ ಬರೆದರೆಂದು ತಾವು ತೀರ್ಮಾನಿಸಿದರೂ ಒಪ್ಪುತ್ತೇನೆ. ನಾನು ಕೇಳುವುದಿಷ್ಟೇ: ನಮ್ಮನ್ನು ಮತ್ತೊಮ್ಮೆ ಎಣಿಸಿ. ಅಲ್ಲಿಯವರೆಗೆ ಶಾಲೆಗೆ ಬೀಗ ಹಾಕಬೇಡಿ. ಸಗುಣಾ ಕಾಕಿಗೆ ಮರಣಪತ್ರ ಕೊಡಿ. ಆ ಮಕ್ಕಳನ್ನು ಕಾಯುವ ಕೆಲಸದಿಂದ ಅವಳನ್ನು ಬಿಡುಗಡೆ ಮಾಡಲು ನಮ್ಮ ಕೈಲಾಗಲಿಲ್ಲ. ತಮ್ಮ ಮೊಹರಿನಿಂದಲಾದರೂ ಆದೀತು.

ಆಕ್ಷೇಪಣೆಗಳ ವಿಚಾರಣೆ ಮೇ ಇಪ್ಪತ್ತೆಂಟರಂದು, ಬೆಳಿಗ್ಗೆ ಹನ್ನೊಂದಕ್ಕೆ, ತಾಲ್ಲೂಕು ಕಚೇರಿಯಲ್ಲಿ ಎಂದು ಅದೇ ಫಲಕದಲ್ಲಿದೆ. ನಾವು ಇನ್ನೂರ ಹದಿಮೂರು ಮಂದಿಯೂ ಬರುತ್ತೇವೆ. ನಿಯಮದ ಪ್ರಕಾರ ನಿವಾಸಿಗೂ ತಿಳಿಸಬೇಕಲ್ಲ, ನಿನ್ನೆ ಬಾವಿಕಟ್ಟೆಯ ಹತ್ತಿರ ನಿಂತು ದಿನಾಂಕ, ವೇಳೆ ಹೇಳಿ ಬಂದಿದ್ದೇನೆ.

ಇಂತಿ, ತಮ್ಮ ಲೆಕ್ಕಕ್ಕೆ ಸಿಗದ,
ಭಿಕಾಜಿ ತುಳಸ್ಕರ್
ಕಿರ್ಮಟೆ (ಬೀಗ ಹಾಕಿದ ಮನೆ ಸಂಖ್ಯೆ ಹದಿನೇಳು)