ಎರಡು ಸೆಕೆಂಡಿನ ಉಸಿರು

ಬಾರ್ನ್ಸ್‌ಲಿ, ಫೆಬ್ರುವರಿ 1987

ಅಪ್ಪಾ,

ಎದುರಿಗೆ ಹೇಳಲು ಬಂದರೆ ನೀನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತೀ. ಅದಕ್ಕೇ ಬರೆದು ಕುರ್ಚಿಯ ಮೇಲಿಟ್ಟಿದ್ದೇನೆ.

ನಾನು ಶಾಲೆ ಬಿಟ್ಟ ವರ್ಷ ನನ್ನ ಕಂಪ್ಯೂಟರಿಗೆ ಇದ್ದದ್ದು ಒಂದೇ ಕೀರಲು ದನಿ. "ಏನೋ ಅದು, ಡಬ್ಬಿಯೊಳಗೆ ನೊಣ ಸಿಕ್ಕಾಕ್ಕೊಂಡಿದ್ಯಾ?" ಎಂದು ನೀನು ಕೇಳಿದ್ದೆ. ಆಮೇಲೆ ನಾನು ಮೂರು ದನಿಯ ಯಂತ್ರ ಕೊಂಡಾಗ, "ಮೂರೇ ಜನರ ಬ್ಯಾಂಡಾ? ನಮ್ಮ ಗಣಿ ಬ್ಯಾಂಡಲ್ಲಿ ಇಪ್ಪತ್ತೈದು ಜನ ಕಣೋ" ಎಂದು ನಕ್ಕಿದ್ದೆ. ಆ ಮೂರರಲ್ಲೇ ಸ್ವರಗಳನ್ನು ಸರಸರ ತಿರುಗಿಸಿ ನಾನು ಇಡೀ ಬ್ಯಾಂಡ್ ನುಡಿಸಿದ ದಿನ ನೀನು ಬಾಗಿಲಲ್ಲಿ ನಿಂತು ಕೇಳಿದೆ. ಅಷ್ಟರಲ್ಲಿ ನೀನು ಬ್ಯಾಂಡಿನಲ್ಲಿ ಕಾರ್ನೆಟ್ ತುತ್ತೂರಿ ಊದುವುದನ್ನು ಬಿಟ್ಟಾಗಿತ್ತು. "ತುಟಿ ಹಿಡಿತ ಹೋಯ್ತು" ಎಂದಿದ್ದೆ. ನಂಬಿದೆ.

ಈಗ ಆಟಗಳಿಗೆ ನಿಜವಾದ ಸದ್ದನ್ನೇ ತುಂಬಬಹುದು. ನನ್ನ ಹೊಸ ಆಟದ ಗುಹೆಯಲ್ಲೊಂದು ಮೃಗವಿದೆ. ಅದು ಕಾಣುವುದಿಲ್ಲ, ಉಸಿರಷ್ಟೇ ಕೇಳುತ್ತದೆ. ಆ ಉಸಿರು ನಿನ್ನದು. ಸೆಪ್ಟೆಂಬರಿನಲ್ಲಿ, ರಾತ್ರಿಪಾಳಿ ಮುಗಿಸಿ ನೀನು ಮಧ್ಯಾಹ್ನ ಇದೇ ಕುರ್ಚಿಯಲ್ಲಿ ನಿದ್ದೆಹೋಗಿದ್ದಾಗ, ನಿನ್ನನ್ನು ಕೇಳದೆ ರೆಕಾರ್ಡ್ ಮಾಡಿದೆ. ತಪ್ಪು ನನ್ನದೇ. ನಮ್ಮ ಆಟದ ಕಂಪನಿಯ ಮಾಲೀಕ ಥ್ಯಾಕ್ರೆ ಕೇಳಿ, "ಲೇ ಆಲ್ವಿನ್, ಯಾವ ಮೃಗಾಲಯಕ್ಕೆ ಹೋಗಿದ್ಯೋ? ಮೈ ಜುಂ ಅಂತು!" ಎಂದ.

ಆದರೆ ಅಷ್ಟುದ್ದದ ಸದ್ದು ಆಟದೊಳಗೆ ಹಿಡಿಯಲಿಲ್ಲ. ಕಂಪ್ಯೂಟರಿನ ಮೆಮೊರಿಯಲ್ಲಿ ಉಳಿದದ್ದು ಎರಡು ಸೆಕೆಂಡಿನ ಜಾಗ. ನಿನ್ನ ಉಸಿರು ಮೂರು ಸೆಕೆಂಡು. ಕತ್ತರಿಸಿದರೆ ಮೃಗ ಸತ್ತಂತೆ ಕೇಳುತ್ತಿತ್ತು. ಮೊನ್ನೆ ಗುರುವಾರ ನೀನು ಮಲಗಿದ್ದಾಗ ಮತ್ತೆ ರೆಕಾರ್ಡ್ ಮಾಡಿದೆ. ಈ ಸಲ ಕತ್ತರಿಸಬೇಕಾಗಲೇ ಇಲ್ಲ. ಒಳಗೆಳೆದದ್ದು, ಹೊರಬಿಟ್ಟದ್ದು, ನಡುವಿನ ಸಣ್ಣ ಶಿಳ್ಳೆ, ಎಲ್ಲ ಸೇರಿ ಎರಡು ಸೆಕೆಂಡಿನೊಳಗೇ ಮುಗಿದಿತ್ತು. ಹತ್ತು ಸಲ ಅಳೆದೆ.

"ಚಳಿಗಾಲದ ಕೆಮ್ಮು ಕಣೋ, ನಿಮ್ಮಮ್ಮನ ಥರ ನೀನೂ ಶುರು ಹಚ್ಕೋಬೇಡ" ಎನ್ನುತ್ತೀ. ಎದೆಯಲ್ಲಿ ಕಲ್ಲಿದ್ದಲ ಧೂಳಿದೆ ಎಂದು ಡಾಕ್ಟರ್ ಬರೆದುಕೊಟ್ಟರೆ ಮತ್ತೆ ಗಣಿಗೆ ಇಳಿಸುವುದಿಲ್ಲ ಎಂಬ ಹೆದರಿಕೆ ನಿನಗೆ. ಆದರೆ ಐದು ತಿಂಗಳಲ್ಲಿ ಒಂದು ಸೆಕೆಂಡ್ ಹೋಗಿದೆ, ಅಪ್ಪಾ. ಉಳಿದಿರುವುದು ಎರಡೇ.

ಸೋಮವಾರ ಆಟ ಮಾರಾಟದ ಕ್ಯಾಸೆಟ್‌ಗಳಿಗೆ ನಕಲಾಗಲು ಹೋಗುತ್ತದೆ. ಉಸಿರನ್ನು ಅಳಿಸಿ ಬರೀ ಗಾಳಿಯ ಸದ್ದು ಹಾಕಿದ್ದೇನೆ, ಥ್ಯಾಕ್ರೆ ಬೈದುಕೊಳ್ಳಲಿ. ಎರಡೂ ಸಲದ ರೆಕಾರ್ಡಿಂಗ್ ಇರುವ ಕ್ಯಾಸೆಟ್ ಈ ಕಾಗದದ ಜೊತೆಗಿದೆ. ಮೊದಲು ಸೆಪ್ಟೆಂಬರಿನದು ಕೇಳು, ಆಮೇಲೆ ಗುರುವಾರದ್ದು. ಇನ್ನೊಂದು ಪ್ರತಿ ನನ್ನ ಜೇಬಿನಲ್ಲಿದೆ. ಸೋಮವಾರ ಬೆಳಿಗ್ಗೆ ಡಾಕ್ಟರ ಬಳಿಗೆ ನೀನು ಹೋಗದಿದ್ದರೆ ಅದು ಹೋಗುತ್ತದೆ. ಮನೆಯಿಂದ ಹೊರಗೆ ಹಾಕಿದರೂ ಸರಿ, ಬೀದಿಯಲ್ಲಿ ನಿಂತು ನೀನು ಬೈಯುವುದನ್ನು ಕೇಳುತ್ತೇನೆ. ಬೈಯುವಷ್ಟು ಉಸಿರು ನಿನಗೆ ಇರಲಿ.

ನಿನ್ನ ಮಗ,
ಆಲ್ವಿನ್